ಮರುನುಡಿ

ವಿಮಾನವನ್ನು ನಡೆಸುವವನು ಮುಗಿಲಿನಲ್ಲಿದ್ದಾನೆ. ಅವನಿಗೆ ದಾರಿಯನ್ನು ಹೇಳುವವನು ನೆಲದ ಮೇಲಿನ ಒಂದು ಕೊಠಡಿಯಲ್ಲಿ ಕುಳಿತಿದ್ದಾನೆ. ಇವರು ಒಬ್ಬರ ಮುಖವನ್ನೊಬ್ಬರು ಕಂಡವರಲ್ಲ. ಬಹುಮಟ್ಟಿಗೆ ಎಂದೂ ಕಾಣತಕ್ಕವರೂ ಅಲ್ಲ. ಆದರೂ ಇವರ ನಡುವೆ ರೇಡಿಯೊದಲ್ಲಿ ಹಾಯುವ ಹತ್ತು ಹನ್ನೆರಡು ಮಾತುಗಳನ್ನು ನಂಬಿ ನೂರಾರು ಜನ ನಿಶ್ಚಿಂತರಾಗಿ ನಿದ್ರಿಸುತ್ತಿರುತ್ತಾರೆ. ಆ ಮಾತುಗಳಿಗೆ ಒಂದು ವಿಧಿಯುಂಟು. ವೇದಪಾಠಶಾಲೆಯಲ್ಲಿ ಸಂಥೆ ಹೇಳಿಸುವ ಗುರುವು ತಾನು ಉಚ್ಚರಿಸಿದುದನ್ನು ಶಿಷ್ಯನ ಬಾಯಿಂದ ತಿರುಗಿ ಕೇಳಿ, ಸ್ವರ ತಪ್ಪಿದೆಡೆಯಲ್ಲಿ ತಡೆದು ತಿದ್ದುವಂತೆ, ನಿಯಂತ್ರಕನು ಹೇಳಿದ ಎತ್ತರವನ್ನೂ ದಿಕ್ಕನ್ನೂ ವೈಮಾನಿಕನು ಯಥಾವತ್ತಾಗಿ ತಿರುಗಿ ಹೇಳಬೇಕು. ನಿಯಂತ್ರಕನು ಆ ಮರುನುಡಿಯನ್ನು ಕಿವಿಗೊಟ್ಟು ಕೇಳಿ, ತಪ್ಪಿದ್ದರೆ ಆ ಕ್ಷಣದಲ್ಲಿಯೇ ತಿದ್ದಬೇಕು. ‘ವೈಮಾನಿಕನ ತಪ್ಪು’ ಎಂದು ವೃತ್ತಪತ್ರಿಕೆಗಳು ಎರಡು ಮಾತಿನಲ್ಲಿ ಮುಗಿಸಿಬಿಡುವ ದುರಂತಗಳ ವಿಚಾರಣೆಯ ವರದಿಗಳನ್ನು ತಾಳ್ಮೆಯಿಂದ ಓದಿದವರಿಗೆ, ತಪ್ಪು ಒಬ್ಬನ ಮನಸ್ಸಿನಲ್ಲಿ ಹುಟ್ಟಿದ್ದರೂ ಅದು ಬೆಳೆದು ಬಲಿತುದು ಇಬ್ಬರ ಮಾತಿನ ನಡುವೆ ಎಂಬುದು ಮತ್ತೆ ಮತ್ತೆ ಗೋಚರವಾಗುತ್ತದೆ. ಆ ನಡುವಣ ಸ್ಥಳದ ಚರಿತ್ರೆಯೇ ಇಲ್ಲಿನ ವಿಷಯ.

ಮೊದಲಿಗೆ ಇಂಥ ಸಂಭಾಷಣೆಯೇ ಇರಲಿಲ್ಲ. ಪ್ರಥಮ ಮಹಾಯುದ್ಧವು ಮುಗಿದ ಬಳಿಕ ಲಂಡನ್ನಿಗೂ ಪ್ಯಾರಿಸಿಗೂ ನಡುವೆ ಪ್ರಯಾಣಿಕರನ್ನು ಒಯ್ಯತೊಡಗಿದ ವೈಮಾನಿಕರು ಕೆಳಗಿನ ರಸ್ತೆಗಳನ್ನೂ ರೈಲುಹಳಿಗಳನ್ನೂ ನೋಡಿಕೊಂಡು ತಮ್ಮ ದಾರಿಯನ್ನು ತಾವೇ ಕಂಡುಕೊಳ್ಳುತ್ತಿದ್ದರು. 1920ರಲ್ಲಿ ಲಂಡನ್ನಿನ ಕ್ರಾಯ್ಡನ್ ನಿಲ್ದಾಣದಲ್ಲಿ ಕಂಬಗಳ ಮೇಲೆ ನಿಲ್ಲಿಸಿದ, ಸುತ್ತಲೂ ಕಿಟಕಿಗಳುಳ್ಳ ಒಂದು ಸಣ್ಣ ಮರದ ಕೋಣೆ ಎದ್ದಿತು. ಜಗತ್ತಿನ ಪ್ರಥಮ ನಿಯಂತ್ರಣಗೋಪುರವೆಂದು ಚರಿತ್ರಕಾರರು ಎಣಿಸುವುದು ಅದನ್ನೇ. ಅಲ್ಲಿದ್ದ ಅಧಿಕಾರಿಯು ಆಜ್ಞೆ ಮಾಡುವವನಾಗಿರಲಿಲ್ಲ. ಹವೆಯ ಸ್ಥಿತಿಯನ್ನು ತಿಳಿಸುವುದು, ವೈಮಾನಿಕನು ಕೇಳಿದರೆ ಆತನಿರುವ ಸ್ಥಳವನ್ನು ರೇಡಿಯೊ ಅಲೆಗಳ ದಿಕ್ಕಿನಿಂದ ಗಣಿಸಿ ಹೇಳುವುದು, ಇಷ್ಟೇ ಅವನ ಕಾರ್ಯವಾಗಿದ್ದಿತು. 1922ರ ಏಪ್ರಿಲ್ 7ರಂದು ಉತ್ತರ ಫ್ರಾನ್ಸಿನಲ್ಲಿ ಮಂಜು ಮುಸುಕಿದ ಹೊತ್ತಿನಲ್ಲಿ ಒಂದು ಆಂಗ್ಲ ವಿಮಾನವೂ ಒಂದು ಫ್ರೆಂಚ್ ವಿಮಾನವೂ ಎದುರುಬದುರಾಗಿ ಬಂದು ಡಿಕ್ಕಿ ಹೊಡೆದು, ಎರಡರಲ್ಲಿಯೂ ಇದ್ದ ಏಳು ಮಂದಿಯೂ ಮಡಿದರು. ಇಬ್ಬರು ವೈಮಾನಿಕರೂ ಒಂದೇ ಹೆದ್ದಾರಿಯನ್ನು ಗುರುತಾಗಿಟ್ಟುಕೊಂಡು ಹಾರುತ್ತಿದ್ದರು. ಆಕಾಶವು ಅಪಾರವಾದುದು, ಅಲ್ಲಿ ಇಬ್ಬರು ಸಂಧಿಸುವುದು ದುಸ್ಸಾಧ್ಯವೆಂಬ ನಂಬಿಕೆಗೆ ಬಿದ್ದ ಪ್ರಥಮ ಪೆಟ್ಟು ಇದು.

ಅಮೆರಿಕದಲ್ಲಿ ಈ ವೃತ್ತಿಯ ಆದಿಪುರುಷನೆನಿಸಿಕೊಂಡ ಆರ್ಚೀ ಲೀಗ್ ಎಂಬಾತನು 1929ರಲ್ಲಿ ಸೇಂಟ್ ಲೂಯಿ ನಗರದ ವಿಮಾನನಿಲ್ದಾಣದಲ್ಲಿ ಕೆಲಸಕ್ಕೆ ನಿಂತಾಗ ಆತನ ಬಳಿ ಇದ್ದುದು ಒಂದು ತಳ್ಳುಗಾಡಿ, ಬಿಸಿಲಿಗೊಂದು ಕೊಡೆ, ಒಂದು ಕುರ್ಚಿ ಮತ್ತು ಎರಡು ಧ್ವಜಗಳು. ಕೆಂಪು ಧ್ವಜವನ್ನು ಬೀಸಿದರೆ ನಿಲ್ಲಬೇಕು. ಚೌಕುಳಿಯ ಧ್ವಜವನ್ನು ಬೀಸಿದರೆ ಹೊರಡಬಹುದು. ಧ್ವಜವನ್ನು ಕಂಡೆನೆಂದು ತಿಳಿಸುವ ಉಪಾಯವು ವೈಮಾನಿಕನಿಗೆ ಇರಲಿಲ್ಲ. ಅವನು ಕಂಡನೊ ಇಲ್ಲವೊ ಎಂಬುದು ಅವನು ನಡೆದುಕೊಂಡ ಬಳಿಕವೇ ನೆಲದವನಿಗೆ ತಿಳಿಯಬೇಕು. ಮರುವರ್ಷ ಕ್ಲೀವ್‌ಲ್ಯಾಂಡ್ ನಗರದ ಗೋಪುರಕ್ಕೆ ರೇಡಿಯೊ ಬಂದು ಮಾತಿಗೆ ಮಾತು ಕೂಡುವಂತಾಯಿತು. 1935ರ ಡಿಸೆಂಬರಿನಲ್ಲಿ ವಿಮಾನ ಕಂಪನಿಗಳೇ ಕೂಡಿಕೊಂಡು ನ್ಯೂಅರ್ಕಿನಲ್ಲಿ ಮಾರ್ಗನಿಯಂತ್ರಣದ ಕೇಂದ್ರವೊಂದನ್ನು ತೆರೆದವು. ಮರುವರ್ಷ ಸರ್ಕಾರವು ಅದನ್ನು ವಹಿಸಿಕೊಂಡಿತು. ದೊಡ್ಡ ಮೇಜಿನ ಮೇಲೆ ನಕ್ಷೆಯನ್ನು ಹರಡಿ, ಒಂದೊಂದು ವಿಮಾನಕ್ಕೆ ಒಂದೊಂದು ಪುಟ್ಟ ಗುರುತನ್ನಿಟ್ಟು, ಕಾಲಗಣನೆಯಿಂದ ಅದನ್ನು ಕೈಯಾರೆ ಸರಿಸುತ್ತಿದ್ದ ಆ ಕೇಂದ್ರದವರಿಗೆ ವೈಮಾನಿಕನೊಡನೆ ನೇರವಾಗಿ ಮಾತನಾಡುವ ಸೌಕರ್ಯವಿರಲಿಲ್ಲ. ಅವರು ಟೆಲಿಫೋನಿನಲ್ಲಿ ಕಂಪನಿಯವನಿಗೆ ಹೇಳಬೇಕು, ಅವನು ರೇಡಿಯೊದಲ್ಲಿ ವೈಮಾನಿಕನಿಗೆ ಹೇಳಬೇಕು. ಮೂರು ಬಾಯಿ ದಾಟುವ ಮಾತಿನಲ್ಲಿ ಅಂಕಿಯೊಂದು ಪಲ್ಲಟವಾಗುವ ಭಯವಿದ್ದುದರಿಂದ, ಕೇಳಿದುದನ್ನು ತಿರುಗಿ ಹೇಳುವ ಪದ್ಧತಿಯು ಇಂಥ ಎಡೆಗಳಲ್ಲಿ ಅನಿವಾರ್ಯವಾಗಿ ಬೇರೂರಿತು.

ದ್ವಿತೀಯ ಮಹಾಯುದ್ಧದ ಬಳಿಕ ವಿಮಾನಗಳ ವೇಗವೂ ಸಂಖ್ಯೆಯೂ ಒಟ್ಟಿಗೆ ಬೆಳೆದವು. 1956ರ ಜೂನ್ 30ರಂದು ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಮೇಲೆ, ಯಾವ ನಿಯಂತ್ರಕನ ಹೊಣೆಯೂ ಇಲ್ಲದ ಆಕಾಶದಲ್ಲಿ ಎರಡು ವಿಮಾನಗಳು ಕೂಡಿ 128 ಜನ ಸತ್ತ ಮೇಲೆ, ಇಡೀ ದೇಶದ ಆಕಾಶಕ್ಕೆ ಒಡೆಯನೊಬ್ಬನು ಬೇಕೆಂಬುದು ಅಮೆರಿಕದ ಸರ್ಕಾರಕ್ಕೆ ಮನದಟ್ಟಾಯಿತು. ಅದೇ ವರ್ಷ, ‘ಆಲ್ಫಾ, ಬ್ರಾವೊ, ಚಾರ್ಲಿ’ ಎಂದು ಮೊದಲಾಗುವ ಅಕ್ಷರಮಾಲೆಯನ್ನು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಜಾರಿಗೆ ತಂದಿತು. ನಾನಾ ದೇಶಗಳ ನಾಲಗೆಗಳಲ್ಲಿಯೂ ಕೆಡದಂತೆ, ಕರ್ಕಶವಾದ ರೇಡಿಯೊದಲ್ಲಿಯೂ ಒಂದಕ್ಕೊಂದು ಬೆರೆಯದಂತೆ ಆ ಶಬ್ದಗಳನ್ನು ಪರೀಕ್ಷಿಸಿ ಆರಿಸಿದ ಶ್ರಮವನ್ನು ನೆನೆದರೆ ಗೌರವವುಂಟಾಗುತ್ತದೆ. ಅಕ್ಷರಗಳು ಹೀಗೆ ಭದ್ರವಾದವು. ಆದರೆ ವಾಕ್ಯಗಳು ಇನ್ನೂ ಸಡಿಲವಾಗಿಯೇ ಉಳಿದಿದ್ದವು.

ಆ ಸಡಿಲಿಕೆಯ ಪರಿಣಾಮವು 1977ರ ಮಾರ್ಚ್ 27ರ ಭಾನುವಾರದಂದು, ಸ್ಪೇನಿಗೆ ಸೇರಿದ ಕೆನರಿ ದ್ವೀಪಗಳ ಪೈಕಿ ತೆನೆರಿಫೆಯ ಲೋಸ್ ರೊದೆಯೊಸ್ ನಿಲ್ದಾಣದಲ್ಲಿ ಪ್ರಕಟವಾಯಿತು. ನೆರೆಯ ದ್ವೀಪದ ನಿಲ್ದಾಣದಲ್ಲಿ ಬಾಂಬು ಸ್ಫೋಟವಾದುದರಿಂದ ಅಲ್ಲಿಗೆ ಹೋಗಬೇಕಾಗಿದ್ದ ವಿಮಾನಗಳೆಲ್ಲ ಈ ಸಣ್ಣ ನಿಲ್ದಾಣಕ್ಕೆ ಬಂದು ಕಿಕ್ಕಿರಿದಿದ್ದವು. ನಿಂತ ವಿಮಾನಗಳು ಟ್ಯಾಕ್ಸಿವೇಯನ್ನು ಅಡ್ಡಗಟ್ಟಿದ್ದರಿಂದ, ಹೊರಡುವವರು ರನ್‌ವೇಯ ಮೇಲೆಯೇ ಹಿಂದಕ್ಕೆ ನಡೆದು ತುದಿಯನ್ನು ಮುಟ್ಟಬೇಕಾಗಿದ್ದಿತು. ಡಚ್ಚರ ಕೆ.ಎಲ್.ಎಂ. ಕಂಪನಿಯ ಬೋಯಿಂಗ್ 747 ಮುಂದೆ ಹೋಗಿ ತುದಿಯಲ್ಲಿ ತಿರುಗಿ ನಿಂತಿತು. ಅಮೆರಿಕದ ಪ್ಯಾನ್ ಆಮ್ ಕಂಪನಿಯ ಇನ್ನೊಂದು 747 ಅದರ ಹಿಂದೆಯೇ ಅದೇ ರನ್‌ವೇಯ ಮೇಲೆ ಬರುತ್ತಲಿದ್ದಿತು. ಅಷ್ಟರಲ್ಲಿ ಬೆಟ್ಟದಿಂದ ಮೋಡವಿಳಿದು ನಿಲ್ದಾಣವನ್ನು ಮುಚ್ಚಿಬಿಟ್ಟಿತು. ಗೋಪುರದವರಿಗೆ ಎರಡು ವಿಮಾನಗಳೂ ಕಾಣವು. ಆ ವಿಮಾನಗಳಿಗೆ ಪರಸ್ಪರ ಕಾಣದು. ನೆಲದ ಚಲನೆಯನ್ನು ತೋರಿಸುವ ರೇಡಾರ್ ಅಲ್ಲಿರಲಿಲ್ಲ. ಉಳಿದುದು ಕಿವಿಯೊಂದೇ.

ಡಚ್ ವಿಮಾನದ ಕ್ಯಾಪ್ಟನ್ ಫಾನ್ ಸಾಂಟೆನ್ ಅವರು ಅಲ್ಪರಲ್ಲ. ತಮ್ಮ ಕಂಪನಿಯಲ್ಲಿ 747 ವಿಮಾನದ ಪ್ರಧಾನ ಶಿಕ್ಷಕರು. ವರ್ಷಗಟ್ಟಲೆ ಸಿಮ್ಯುಲೇಟರಿನಲ್ಲಿ ಅನ್ಯರಿಗೆ ಪಾಠ ಹೇಳಿದವರು. ಅಂಥ ಪಾಠದಲ್ಲಿ ಹೊರಡುವ ಅನುಮತಿಯನ್ನು ಕೊಡುವವನು ಶಿಕ್ಷಕನೇ ಆದುದರಿಂದ, ಕಾದು ಕುಳಿತು ಕೇಳಿಕೊಳ್ಳುವ ಅಭ್ಯಾಸವು ಅವರಲ್ಲಿ ಸವೆದಿದ್ದಿರಬಹುದೆಂದು ವಿಚಾರಕರು ಅನಂತರ ಊಹಿಸಿದರು. ಸಿಬ್ಬಂದಿಯ ಕೆಲಸದ ಅವಧಿಯು ಮೀರುತ್ತದೆಂಬ ಆತಂಕವೂ ಇದ್ದಿತು. ಅವರು ಒಮ್ಮೆ ಎಂಜಿನುಗಳ ವೇಗವನ್ನು ಹೆಚ್ಚಿಸಲು ತೊಡಗಿದಾಗ ಸಹಚಾಲಕನು, ನಮಗಿನ್ನೂ ಅನುಮತಿ ಬಂದಿಲ್ಲವೆಂದು ತಡೆದನು. ಬಳಿಕ ಗೋಪುರದಿಂದ ಬಂದುದು, ಮೇಲೇರಿದ ಮೇಲೆ ಯಾವ ಎತ್ತರಕ್ಕೆ ಹೋಗಬೇಕು, ಎತ್ತ ತಿರುಗಬೇಕು ಎಂಬ ಮಾರ್ಗದ ಅನುಮತಿ ಮಾತ್ರ. ನೆಲವನ್ನು ಬಿಡುವ ಅನುಮತಿಯು ಬೇರೆಯೇ ಬರಬೇಕು. ಸಹಚಾಲಕನು ಅದನ್ನು ನಿಯಮದಂತೆ ತಿರುಗಿ ಹೇಳುತ್ತಿರುವಾಗಲೇ ಕ್ಯಾಪ್ಟನರು ವಿಮಾನವನ್ನು ಓಡಿಸಲಾರಂಭಿಸಿದರು. ಹಿರಿಯರನ್ನು ಎರಡನೆಯ ಸಲ ತಡೆಯಲು ಮನಸ್ಸು ಬಾರದೆಯೊ ಏನೊ, ಸಹಚಾಲಕನು ಮರುನುಡಿಯ ತುದಿಗೆ, ತಾವೀಗ ಟೇಕಾಫಿನಲ್ಲಿದ್ದೇವೆ ಎಂಬರ್ಥದ ಅಸ್ಪಷ್ಟವಾದ ಮಾತೊಂದನ್ನು ಅವಸರದಿಂದ ಸೇರಿಸಿದನು. ಟೇಕಾಫಿಗೆ ಸಿದ್ಧವಾಗಿ ನಿಂತಿದ್ದಾರೆಂದು ಗೋಪುರದವನು ಅದನ್ನು ತಿಳಿದನು. ಹೊರಟೇಬಿಟ್ಟಿದ್ದೇವೆಂಬುದು ಹೇಳಿದವನ ಭಾವ.

ಆಗ ನಡೆದುದನ್ನು ನೆನೆದರೆ ಇಂದಿಗೂ ಎದೆ ನಡುಗುತ್ತದೆ. ನಿಯಂತ್ರಕನು ‘ಓಕೆ’ ಎಂದು, ಒಂದೆರಡು ಕ್ಷಣ ತಡೆದು, ಟೇಕಾಫಿಗೆ ಕಾದಿರಿ, ನಾನು ಕರೆಯುತ್ತೇನೆ ಎಂದನು. ಅದೇ ಕ್ಷಣದಲ್ಲಿ ಆತಂಕಗೊಂಡ ಪ್ಯಾನ್ ಆಮ್ ವೈಮಾನಿಕರೂ, ನಾವಿನ್ನೂ ರನ್‌ವೇಯ ಮೇಲಿದ್ದೇವೆ ಎಂದು ಕೂಗಿ ಹೇಳಿದರು. ಒಂದೇ ತರಂಗದಲ್ಲಿ ಇಬ್ಬರು ಏಕಕಾಲಕ್ಕೆ ಮಾತನಾಡಿದರೆ ಕೇಳುವವನಿಗೆ ಒಂದು ಸಿಳ್ಳೆಯ ಸದ್ದಲ್ಲದೆ ಬೇರೇನೂ ಸ್ಪಷ್ಟವಾಗದು. ಡಚ್ ವಿಮಾನದಲ್ಲಿ ತಿಳಿಯಾಗಿ ಕೇಳಿಸಿದುದು ‘ಓಕೆ’ ಎಂಬ ಮೊದಲ ಮಾತು. ಪ್ರಾಣವನ್ನುಳಿಸಬಹುದಾಗಿದ್ದ ಎರಡು ವಾಕ್ಯಗಳೂ ಆ ಸಿಳ್ಳೆಯಲ್ಲಿ ಮುಳುಗಿದವು. ಮತ್ತೂ ಒಂದು ಅವಕಾಶವಿದ್ದಿತು: ರನ್‌ವೇಯನ್ನು ಬಿಟ್ಟ ಕೂಡಲೆ ತಿಳಿಸಿರೆಂದು ಗೋಪುರವು ಪ್ಯಾನ್ ಆಮ್‌ಗೆ ಹೇಳಿದುದನ್ನು ಕೇಳಿಸಿಕೊಂಡ ಡಚ್ ವಿಮಾನದ ಫ್ಲೈಟ್ ಎಂಜಿನಿಯರು, ಹಾಗಾದರೆ ಅವರಿನ್ನೂ ದಾರಿ ಬಿಟ್ಟಿಲ್ಲವೆ ಎಂದು ಕೇಳಿದನು. ಬಿಟ್ಟಿದ್ದಾರೆಂದು ಕ್ಯಾಪ್ಟನರು ದೃಢವಾಗಿ ನುಡಿದರು. ಕೆಲವೇ ಕ್ಷಣಗಳಲ್ಲಿ ಎರಡೂ ಕೂಡಿದವು; 583 ಜನ ಸತ್ತರು; ಪ್ಯಾನ್ ಆಮ್ ವಿಮಾನದ 61 ಮಂದಿ ಮಾತ್ರ ಬದುಕಿದರು.

ಅನುಮತಿಯಿಲ್ಲದೆ ಹೊರಟವರು ಕ್ಯಾಪ್ಟನರು ಎಂಬುದು ಸ್ಪೇನಿನ ವಿಚಾರಕರ ತೀರ್ಮಾನದ ತಿರುಳು. ಪರಸ್ಪರ ಅಪಾರ್ಥವೇ ಮೂಲವೆಂಬುದು ಡಚ್ಚರ ವಾದ. ಮೂರನೆಯ ತಿರುವಿನಲ್ಲಿ ಹೊರಳಬೇಕೆಂಬ ಸೂಚನೆಯಿದ್ದರೂ ಪ್ಯಾನ್ ಆಮ್ ಅದನ್ನು ದಾಟಿ ಮುಂದೆ ಬಂದಿದ್ದಿತು. ಆ ತಿರುವು ಅಂಥ ದೊಡ್ಡ ವಿಮಾನಕ್ಕೆ ತೀರ ಇಕ್ಕಟ್ಟಾದುದೂ ಹೌದು. ತಪ್ಪಿನ ಪಾಲನ್ನು ತೂಗಿ ಹಂಚುವುದರಲ್ಲಿ ನನಗೆ ಅಷ್ಟು ಆಸಕ್ತಿಯಿಲ್ಲ. ಆ ದಿನದ ಬಳಿಕ ಜಗತ್ತಿನ ವೈಮಾನಿಕರು ತಮ್ಮ ಮಾತನ್ನು ತಿದ್ದಿಕೊಂಡ ರೀತಿಯೇ ಹೆಚ್ಚು ಸ್ಮರಣಾರ್ಹವಾದುದೆಂದು ನನ್ನ ಭಾವನೆ. ‘ಟೇಕಾಫ್’ ಎಂಬ ಮಾತನ್ನು ಆ ಅನುಮತಿಯನ್ನು ಕೊಡುವಾಗ, ಹಿಂತೆಗೆಯುವಾಗ ಹೊರತು ಬೇರೆಲ್ಲಿಯೂ ಆಡಕೂಡದೆಂದು ವಿಧಿಸಿದರು. ಉಳಿದೆಡೆಗೆ ‘ಡಿಪಾರ್ಚರ್’ ಎಂಬ ಮಾತು ಬಂದಿತು. ಅನುಮತಿಗಳಿಗೆ ‘ಓಕೆ’, ‘ರೋಜರ್’ ಎಂಬ ಉತ್ತರ ಸಾಲದು, ಮುಖ್ಯಾಂಶವನ್ನು ತಿರುಗಿ ಹೇಳಲೇಬೇಕೆಂಬುದು ಬಲಗೊಂಡಿತು. ಕಿರಿಯನು ಹಿರಿಯನನ್ನು ಪ್ರಶ್ನಿಸುವುದು ಅವಿಧೇಯತೆಯಾಗದು, ಅದು ಅವನ ಕರ್ತವ್ಯವೆಂಬ ಶಿಕ್ಷಣವು 1980ರ ಸುಮಾರಿನಿಂದ ಕಂಪನಿಗಳಲ್ಲಿ ಕ್ರಮವಾಗಿ ಆರಂಭವಾಯಿತು.

ಆದರೂ ಮಾತಿನ ತೊಡಕು ಮುಗಿಯಲಿಲ್ಲ. 1990ರ ಜನವರಿಯಲ್ಲಿ ಕೊಲಂಬಿಯದ ಆವಿಯಾಂಕ ಕಂಪನಿಯ ವಿಮಾನವೊಂದು ನ್ಯೂಯಾರ್ಕಿನ ಬಳಿ ಗಂಟೆಗೂ ಹೆಚ್ಚು ಕಾಲ ಸುತ್ತುತ್ತ ಕಾದು, ಇಂಧನವೆಲ್ಲ ತೀರಿ ಬಿದ್ದು 73 ಜನ ಸತ್ತರು. ಆದ್ಯತೆ ಬೇಕೆಂದೂ ಇಂಧನ ಮುಗಿಯುತ್ತಿದೆಯೆಂದೂ ಸಹಚಾಲಕನು ಹೇಳಿದ್ದನು. ‘ಎಮರ್ಜೆನ್ಸಿ’ ಎಂಬ ಒಂದು ಮಾತನ್ನು ಹೇಳಲಿಲ್ಲ, ನಿಯಂತ್ರಕರೂ ಕೆದಕಿ ಕೇಳಲಿಲ್ಲ.

ನಮ್ಮ ದೇಶದ ಆಕಾಶದಲ್ಲಿ ಇಂಥ ಘೋರವು ಸಂಭವಿಸಿದುದು 1996ರ ನವೆಂಬರ್ 12ರ ಸಂಜೆ, ಹರಿಯಾಣದ ಚರ್ಖಿ ದಾದ್ರಿಯ ಹೊಲಗಳ ಮೇಲೆ. ದೆಹಲಿಯಿಂದ ಏರುತ್ತಿದ್ದ ಸೌದಿಯ 747 ವಿಮಾನವು 14,000 ಅಡಿಯಲ್ಲಿಯೂ, ಇಳಿಯುತ್ತಿದ್ದ ಕಜಕಸ್ತಾನದ ಇಲ್ಯೂಷಿನ್ ವಿಮಾನವು 15,000 ಅಡಿಯಲ್ಲಿಯೂ ಇರಬೇಕೆಂದು ನಿಯಂತ್ರಕನು ಅಪ್ಪಣೆ ಮಾಡಿದ್ದನು. ಎದುರಿನಿಂದ ವಿಮಾನ ಬರುತ್ತಿದೆ, ಹತ್ತು ಮೈಲಿ ದೂರದಲ್ಲಿದೆ ಎಂದು ಎಚ್ಚರಿಸಿಯೂ ಇದ್ದನು. ಕಜಕ್ ವಿಮಾನದಲ್ಲಿ ಗೋಪುರದೊಡನೆ ಮಾತನಾಡುವವನು ವಿಮಾನ ನಡೆಸುವವನಲ್ಲ. ಸೋವಿಯತ್ ಪದ್ಧತಿಯಂತೆ ಅದಕ್ಕೊಬ್ಬ ಪ್ರತ್ಯೇಕ ರೇಡಿಯೊ ಆಪರೇಟರನಿದ್ದನು. ಅವನ ಮರುನುಡಿ ಸರಿಯಾಗಿಯೇ ಇದ್ದರೂ ವಿಮಾನವು ಮಾತ್ರ 15,000ದಲ್ಲಿ ನಿಲ್ಲದೆ ಕೆಳಗಿಳಿಯಿತು. ಕಿವಿ ಒಬ್ಬನದು, ಕೈ ಇನ್ನೊಬ್ಬನದು. ಇವೆರಡರ ನಡುವೆ ಅಪ್ಪಣೆಯು ಕಳೆದುಹೋಯಿತು. ದೆಹಲಿಯ ಅಂದಿನ ರೇಡಾರ್ ವಿಮಾನಗಳ ದೂರವನ್ನೂ ದಿಕ್ಕನ್ನೂ ತೋರಿಸುತ್ತಿದ್ದಿತಲ್ಲದೆ ಎತ್ತರವನ್ನು ತೋರಿಸುತ್ತಿರಲಿಲ್ಲವಾಗಿ, ಹೇಳಿದ ಮಾತನ್ನು ನಂಬುವುದಲ್ಲದೆ ನಿಯಂತ್ರಕನಿಗೆ ಗತ್ಯಂತರವಿರಲಿಲ್ಲ. 349 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ನ್ಯಾಯಮೂರ್ತಿ ಲಾಹೋಟಿ ಅವರ ವಿಚಾರಣೆಯ ಬಳಿಕ ಬರುವ ಹೋಗುವ ವಿಮಾನಗಳಿಗೆ ಬೇರೆ ಬೇರೆ ಮಾರ್ಗಗಳಾದವು. ಡಿಕ್ಕಿಯನ್ನು ಮುನ್ಸೂಚಿಸುವ ಯಂತ್ರವು ಕಡ್ಡಾಯವಾಯಿತು.

ಮಂಗಳೂರಿನ ಬಜ್ಪೆಯಲ್ಲಿ 2010ರ ಮೇ 22ರ ಮುಂಜಾನೆ 158 ಜನರನ್ನು ಬಲಿ ತೆಗೆದುಕೊಂಡ ದುರಂತವನ್ನು ಕರಾವಳಿಯವರು ಮರೆಯಲಾರರು. ಅಲ್ಲಿನ ರೇಡಾರ್ ಎರಡು ದಿನಗಳಿಂದ ಕೆಟ್ಟಿದ್ದುದರಿಂದ ದುಬೈಯಿಂದ ಬಂದ ಆ ವಿಮಾನದ ಇಳಿತವು ತಡವಾಗಿ ಮೊದಲಾಯಿತು. ರನ್‌ವೇಯನ್ನು ಸಮೀಪಿಸುವಾಗ ಅದು ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿದ್ದಿತು. ಇಳಿಯುವ ಪಥದಲ್ಲಿ ಸರಿಯಾಗಿ ನೆಲೆಗೊಂಡಿದ್ದೀರಾ ಎಂದು ಗೋಪುರವು ಕೇಳಿದಾಗ, ಹೌದೆಂದು ಹೇಳುವಂತೆ ಕ್ಯಾಪ್ಟನರು ಸಹಚಾಲಕನನ್ನು ಒತ್ತಾಯಿಸಿದುದು ವಿಚಾರಣಾ ವರದಿಯಲ್ಲಿ ದಾಖಲಾಗಿದೆ. ಆ ‘ಹೌದು’ ಎಂಬುದನ್ನು ನಂಬಿ ಗೋಪುರವು ಇಳಿಯಲು ಅನುಮತಿಯಿತ್ತಿತು. ಇಳಿಯದೆ ಮೇಲೇರಿರೆಂದು ಸಹಚಾಲಕನು ಮೂರು ಸಲ ಹೇಳಿದನು; ನೆಲದವರಿಗೆ ಆ ಮಾತು ಕೇಳಿಸುವಂತಿರಲಿಲ್ಲ. ರೇಡಿಯೊದಲ್ಲಿ ಕೇಳಿದ ಮಾತಿಗೂ ಕಾಕ್‌ಪಿಟ್ಟಿನೊಳಗೆ ಅನುಭವಿಸಿದ ಸತ್ಯಕ್ಕೂ ಇದ್ದ ಅಂತರವೇ ಆ ಜನರನ್ನು ಕಂದರಕ್ಕೆ ನೂಕಿತೆಂದು ನಾನು ನಂಬಿದ್ದೇನೆ.

ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಮಾನವೀಯವಾಗಿ ಕಾಣುವ ಅಧ್ಯಾಯವೊಂದುಂಟು. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ನಿನ ಸಮೀಪ ಟಿ.ಡಬ್ಲ್ಯು.ಎ. ಕಂಪನಿಯ ವಿಮಾನವೊಂದು ಗುಡ್ಡಕ್ಕೆ ಬಡಿದು 92 ಜನ ಸತ್ತರು. ಸಮೀಪಿಸಲು ಅನುಮತಿಯಿದೆ ಎಂಬ ನಿಯಂತ್ರಕನ ಮಾತನ್ನು ವೈಮಾನಿಕರು, ಈಗಲೇ ತಗ್ಗಿಗಿಳಿಯಬಹುದೆಂದು ಗ್ರಹಿಸಿದ್ದರು. ಕೇವಲ ಆರು ವಾರಗಳ ಹಿಂದೆ ಅದೇ ಸ್ಥಳದಲ್ಲಿ, ಅದೇ ಅಪಾರ್ಥದಿಂದ, ಬೇರೊಂದು ಕಂಪನಿಯ ವಿಮಾನವು ಕೂದಲೆಳೆಯಲ್ಲಿ ಪಾರಾಗಿದ್ದಿತು. ಆ ಕಂಪನಿಯು ತನ್ನ ವೈಮಾನಿಕರನ್ನು ಎಚ್ಚರಿಸಿ ಸುಮ್ಮನಾಗಿದ್ದಿತು. ಒಬ್ಬನ ತಪ್ಪು ಇನ್ನೊಬ್ಬನಿಗೆ ತಿಳಿದಿದ್ದರೆ 92 ಜೀವಗಳು ಉಳಿಯುತ್ತಿದ್ದವೆಂಬ ಪಶ್ಚಾತ್ತಾಪದಿಂದ 1976ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಕೈಕೆಳಗೆ ಒಂದು ವ್ಯವಸ್ಥೆ ಹುಟ್ಟಿತು. ವೈಮಾನಿಕರಾಗಲಿ ನಿಯಂತ್ರಕರಾಗಲಿ ತಾವು ಮಾಡಿದ ತಪ್ಪನ್ನು ಅಲ್ಲಿಗೆ ಬರೆದು ಕಳುಹಿಸಬಹುದು. ಅಪಘಾತವಾಗಲಿ ಅಪರಾಧವಾಗಲಿ ಅಲ್ಲದ, ಬುದ್ಧಿಪೂರ್ವಕವಲ್ಲದ ತಪ್ಪನ್ನು ಹತ್ತು ದಿನಗಳೊಳಗೆ ತಿಳಿಸಿದವನಿಗೆ ದಂಡನೆಯ ವಿನಾಯಿತಿ ದೊರೆಯುತ್ತದೆ. ಹೆಸರಿರುವ ಪಟ್ಟಿಯನ್ನು ಪತ್ರದಿಂದ ಬೇರ್ಪಡಿಸಿ ಬರೆದವನಿಗೇ ಹಿಂದಿರುಗಿಸುತ್ತಾರೆ. ದಂಡಿಸುವ ಅಧಿಕಾರವುಳ್ಳ ಇಲಾಖೆಗೆ ಈ ಕೆಲಸವನ್ನು ವಹಿಸದೆ, ದಂಡಿಸಲಾರದ ವಿಜ್ಞಾನಸಂಸ್ಥೆಗೆ ವಹಿಸಿದುದರಲ್ಲಿ ದೊಡ್ಡ ವಿವೇಕವಿದೆ.

ಮೊದಲ ಐದು ವರ್ಷಗಳಲ್ಲಿ ಬಂದ ಸುಮಾರು 28,000 ಪತ್ರಗಳನ್ನು ಅಲ್ಲಿನ ವಿದ್ವಾಂಸರು ಪರಿಶೀಲಿಸಿದಾಗ, ನೂರಕ್ಕೆ ಎಪ್ಪತ್ತಕ್ಕೂ ಮಿಕ್ಕವು ಮಾಹಿತಿಯ ರವಾನೆಯಲ್ಲಾದ ದೋಷಕ್ಕೆ ಸಂಬಂಧಿಸಿದವೆಂದು ತಿಳಿಯಿತು. ಎತ್ತರವೆಂದು ದಿಕ್ಕಿನ ಅಂಕಿಯನ್ನು ಹಿಡಿದವರು, ಹೆಸರು ಹೋಲುವ ಇನ್ನೊಂದು ವಿಮಾನಕ್ಕೆ ಬಂದ ಅಪ್ಪಣೆಯನ್ನು ತಮ್ಮದೆಂದು ಭಾವಿಸಿದವರು, ಕೇಳಲು ಬಯಸಿದುದನ್ನೇ ಕೇಳಿದವರು ಆ ಪತ್ರಗಳನ್ನು ಬರೆದವರಲ್ಲಿದ್ದರು. ವೈಮಾನಿಕನು ತಪ್ಪಾಗಿ ತಿರುಗಿ ಹೇಳಿದುದನ್ನು, ಮುಂದಿನ ವಿಮಾನದ ಚಿಂತೆಯಲ್ಲಿದ್ದು ಕೇಳಿಸಿಕೊಳ್ಳದೆ ಬಿಟ್ಟ ನಿಯಂತ್ರಕರೂ ಇದ್ದರು. ಮರುನುಡಿಯನ್ನು ಹೇಳುವುದನ್ನು ಕಲಿಸಿದಷ್ಟೇ ಶ್ರದ್ಧೆಯಿಂದ ಅದನ್ನು ಕೇಳುವುದನ್ನೂ ಕಲಿಸಬೇಕೆಂಬುದು ಆ ಪತ್ರಗಳಿಂದ ಹೊರಬಿದ್ದ ಫಲ. ಈಗ ನಿಯಂತ್ರಕರಾಗಿ ತರಬೇತಿ ಹೊಂದುವವರಿಗೆ ಅದೂ ಪಾಠದ ಅಂಗವಾಗಿದೆ. ಹೆಸರು ಹೋಲುವ ಎರಡು ವಿಮಾನಗಳು ಒಂದೇ ತರಂಗದಲ್ಲಿದ್ದರೆ ಇಬ್ಬರನ್ನೂ ಮೊದಲೇ ಎಚ್ಚರಿಸುವ, ಬೇಕಾದರೆ ಒಂದರ ಹೆಸರನ್ನು ತಾತ್ಕಾಲಿಕವಾಗಿ ಬದಲಾಯಿಸುವ ವಿಧಿಯೂ ಬಳಕೆಯಲ್ಲಿದೆ.