ಊದದೆ ಇಟ್ಟ ಹಿತ್ತಾಳೆ

ವಿಜಯಪುರಕ್ಕೆ ಬಂದವರು ಗೋಲಗುಮ್ಮಟವನ್ನು ಹತ್ತಿ ಇಳಿದು, ದಣಿದ ಕಾಲಿನಲ್ಲೇ ಅದರ ಎದುರಿಗಿರುವ ಕಟ್ಟಡವನ್ನು ಹೊಕ್ಕು, ಅಲ್ಲಿಯ ಶಾಸನಗಳನ್ನೂ ಶಿಲ್ಪಗಳನ್ನೂ ನೋಡಿಕೊಂಡು ಹೋಗುವುದು ವಾಡಿಕೆ. ಆ ಕಟ್ಟಡ 1892 ರಿಂದ ವಸ್ತುಸಂಗ್ರಹಾಲಯ. ಅದರ ಮೂಲದ ಹೆಸರು ನಗಾರಖಾನೆ. ನಗಾರಿ, ಶಹನಾಯಿ, ಕಹಳೆಗಳು ಹೊತ್ತುಹೊತ್ತಿಗೆ ಮೊಳಗಲೆಂದು ಕಟ್ಟಿದ ಮನೆ ಅದು. ಕಲ್ಲು ಉಳಿದಿದೆ, ಕಹಳೆ ಉಳಿದಿಲ್ಲ. ಓದುಗರೇ, ಕಲ್ಲಿಗೂ ಹಿತ್ತಾಳೆಗೂ ಇರುವ ಈ ಅಂತರದ ಸಂಗತಿಯನ್ನೇ ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ನೌಬತ್ತಿನಲ್ಲಿ ಯಾವ ವಾದ್ಯಗಳಿದ್ದುವೆಂಬುದಕ್ಕೆ ಮೊಗಲರ ದರಬಾರಿನ ಅಬುಲ್ ಫಜಲನು ಒಂದು ಪಟ್ಟಿಯನ್ನೇ ಬರೆದಿಟ್ಟಿದ್ದಾನೆ. ಕರ್ಣಾ ಎಂಬ ಉದ್ದನೆಯ ತುತ್ತೂರಿಯನ್ನು ಚಿನ್ನ, ಬೆಳ್ಳಿ, ಹಿತ್ತಾಳೆಗಳಿಂದ ಮಾಡುತ್ತಿದ್ದರಂತೆ. ನಾಲ್ಕಕ್ಕೆ ಕಡಿಮೆ ಊದುವ ಪದ್ಧತಿಯಿರಲಿಲ್ಲವಂತೆ. ಹಸುವಿನ ಕೊಂಬಿನ ಆಕಾರದ ಹಿತ್ತಾಳೆಯ ಕೊಂಬುಗಳೂ ಅದರಲ್ಲಿ ಸೇರಿವೆ. ದಕ್ಷಿಣದ ಸುಲ್ತಾನರಿಗೂ ನೌಬತ್ತು ರಾಜಚಿಹ್ನೆಯೇ. ಹೀಗೆ ಪ್ರತಿದಿನವೂ ಊದಿ, ಒರೆಸಿ, ತೂಗಹಾಕುವ ವಾದ್ಯಕ್ಕೆ ಕಿಲುಬು ಸುಲಭವಾಗಿ ಹತ್ತದು. 1686 ರಲ್ಲಿ ಔರಂಗಜೇಬನು ವಿಜಯಪುರವನ್ನು ಹಿಡಿದಾಗ ಆದಿಲಶಾಹಿ ಮುಗಿಯಿತು. ರಾಜನಿಲ್ಲದ ಊರಿನಲ್ಲಿ ನೌಬತ್ತು ಯಾರಿಗಾಗಿ? ನುಡಿಯದ ಹಿತ್ತಾಳೆ ತಕ್ಕಡಿಗೆ ಬಿದ್ದು, ಕರಗಿ, ತಂಬಿಗೆಯೋ ಹಂಡೆಯೋ ಆಗುವುದು ಲೋಕದ ರೂಢಿ. ಷೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪಿಗೂ ಆ ಗತಿ ಬರುವುದರಲ್ಲಿತ್ತು. 1549 ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ಐವತ್ತು ಟನ್ನಿಗೂ ಮಿಕ್ಕ ತೂಕದ ಆ ಕಂಚಿನ ತೋಪನ್ನು 1854 ರಲ್ಲಿ ನಿರುಪಯುಕ್ತ ಸಾಮಾನೆಂದು ಹರಾಜಿಗೆ ಇಟ್ಟಾಗ, ಕೂಗಿದವರ ಅತಿ ಹೆಚ್ಚಿನ ಬೆಲೆ 150 ರೂಪಾಯಿ! ಮಾರಾಟ ರದ್ದಾದುದು ನಮ್ಮ ಪುಣ್ಯ. ತೋಪು ಗಾಳಿಮಳೆಗೆ ಮೈಯೊಡ್ಡಿಯೂ ಇಂದಿಗೆ ಗಟ್ಟಿಯಾಗಿದೆ. ಅದು ತಾಮ್ರ ಮತ್ತು ತವರ ಕೂಡಿದ ಕಂಚು. ಮೇಲಾಗಿ ಅದರ ದಪ್ಪ ಗೇಣುಗಟ್ಟಲೆ. ಕಹಳೆಯದು ತಾಮ್ರ ಮತ್ತು ಸತುವು ಕೂಡಿದ ಹಿತ್ತಾಳೆ. ಅದರ ತಗಡು ಸುಮಾರು ಅರ್ಧ ಮಿಲಿಮೀಟರು. ತೋಪಿಗೆ ನೂರು ವರ್ಷದಲ್ಲಿ ಆಗದ ಕೇಡು ಕಹಳೆಗೆ ಒಂದು ಮಳೆಗಾಲದಲ್ಲಿ ಆಗಬಹುದು.

ನಗರದಿಂದ ತಿಕೋಟಾದ ಕಡೆಗೆ ಹೊರಟರೆ ದಾರಿಯಲ್ಲಿ ತೊರವಿ ಸಿಗುತ್ತದೆ. ಎರಡನೆಯ ಇಬ್ರಾಹಿಂ ಆದಿಲಶಹನು 1599 ರಲ್ಲಿ ನವರಸಪುರವನ್ನು ಕಟ್ಟಲು ತೊಡಗಿದ್ದು ಇಲ್ಲಿಯೇ. 1624 ರಲ್ಲಿ ಮಲಿಕ್ ಅಂಬರನ ದಂಡು ಅದನ್ನು ಹಾಳುಗೆಡವಿತು. ಸಂಗೀತ ಮಹಲಿನ ಕಮಾನುಗಳು ಮಾತ್ರ ಇನ್ನೂ ನಿಂತಿವೆ. ಈ ಸುಲ್ತಾನನು ತನ್ನ ತಂಬೂರಕ್ಕೆ ಮೋತಿಖಾನ್ ಎಂದು ಹೆಸರಿಟ್ಟು ಮನುಷ್ಯನಿಗೆ ಸಲ್ಲುವ ಮರ್ಯಾದೆಯನ್ನು ಅದಕ್ಕೆ ಸಲ್ಲಿಸಿದನು. ಮರದ ವಾದ್ಯ ಕೆಡುವಾಗ ಒಂದಲ್ಲ ಒಂದು ವಿಧದಿಂದ ಹೇಳಿಕೊಳ್ಳುತ್ತದೆ: ತಂತಿ ಸಡಲುತ್ತದೆ, ಕುಂಬಳ ಬಿರಿಯುತ್ತದೆ. ಹಿತ್ತಾಳೆ ಹಾಗಲ್ಲ. ಹೊರಗೆ ಥಳಥಳ ಹೊಳೆಯುತ್ತಲೇ ಒಳಗೆ ಸಾಯುತ್ತದೆ.

ನವರಸಪುರವನ್ನು ದಾಟಿ ಮುಂದೆ ಹೋದರೆ ದ್ರಾಕ್ಷಿಯ ತೋಟಗಳು ಮೊದಲಾಗುತ್ತವೆ. ಕೆಲವು ವರ್ಷಗಳ ಹಿಂದೆ ತಿಕೋಟಾದ ಸಮೀಪದ ಒಂದು ಮನೆಯಲ್ಲಿ ನಾನು ಒಂದು ಕಾರ್ನೆಟ್ಟನ್ನು ಕಂಡೆ. ಮನೆಯ ಹಿರಿಯರು ಮೂವತ್ತು ವರ್ಷ ಮದುವೆಯ ಬ್ಯಾಂಡಿನಲ್ಲಿ ಊದಿದವರು. 2020 ರ ಮಾರ್ಚಿನಲ್ಲಿ ಸಾಂಕ್ರಾಮಿಕದ ನಿರ್ಬಂಧ ಬಂದು ಮದುವೆಯ ಹಂಗಾಮೇ ಹೋದಾಗ, ಅವರು ಅದನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟರು. ಎರಡು ಮಳೆಗಾಲ ಕಳೆದು ಬಿಚ್ಚಿ ನೋಡಿದರೆ ಕಹಳೆಬಾಯಿಯ ಬಾಗಿನಲ್ಲಿ ಕೂದಲೆಳೆಯಂಥ ಬಿರುಕು, ಬೆರಳುದ್ದ. "ಬಿದ್ದಿಲ್ಲ, ಬಡದಿಲ್ಲರೀ. ಇಟ್ಟಲ್ಲೇ ಸೀಳೇತಿ," ಎಂದರು ಅವರು. ತಂದೆಯ ಕೈಯಿಂದ ಬಂದ ವಾದ್ಯ. ದೃಷ್ಟಿ ತಾಗಿತೆಂದು ಮನೆಯವರ ನಂಬಿಕೆ. ನಾನು ಅಟ್ಟದ ಕೆಳಗೆ ನೋಡಿದೆ: ಒಂದು ಜೊತೆ ಎತ್ತು, ಒಂದು ಎಮ್ಮೆ, ಗ್ವಾದಲಿಯ ಪಕ್ಕದಲ್ಲಿ ಯೂರಿಯಾದ ಚೀಲಗಳು.

ಈ ಒಗಟು ನೂರು ವರ್ಷಕ್ಕಿಂತ ಹಳೆಯದು; ಅದು ಹುಟ್ಟಿದ್ದೂ ನಮ್ಮ ದೇಶದಲ್ಲಿಯೇ. ಇಂಡಿಯಾದಲ್ಲಿದ್ದ ಬ್ರಿಟಿಷ್ ಸೈನ್ಯದವರು ಹಿತ್ತಾಳೆಯ ತೋಟಾಗಳನ್ನು ಮಳೆಗಾಲದಲ್ಲಿ ಕುದುರೆಲಾಯಗಳಲ್ಲಿ ಇಡುತ್ತಿದ್ದರು. ಮಳೆ ಮುಗಿದು ನೋಡಿದರೆ ಯಾರೂ ಮುಟ್ಟದ ತೋಟಾಗಳು ತಾವಾಗಿಯೇ ಸೀಳಿರುತ್ತಿದ್ದುವು. ಋತುವಿಗೆ ತಕ್ಕಂತೆ ಬರುವ ಈ ರೋಗಕ್ಕೆ ಅವರು ಋತುಬಿರುಕು ಎಂಬರ್ಥದ ಹೆಸರನ್ನೇ ಇಟ್ಟರು. ಇದರ ಕಾರಣವನ್ನು ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಮೂವರು ವಿಜ್ಞಾನಿಗಳು 1921 ರಲ್ಲಿ ಬಿಡಿಸಿ ಹೇಳಿದರು. ಹಿತ್ತಾಳೆಯನ್ನು ಬಡಿದು, ಎಳೆದು, ಬಗ್ಗಿಸಿ ಆಕಾರ ಕೊಟ್ಟಾಗ ಲೋಹದೊಳಗೆ ಒಂದು ಬಿಗಿತ ಉಳಿದಿರುತ್ತದೆ. ಪ್ರಾಣಿಗಳ ಮೂತ್ರದಿಂದ ಏಳುವ ಅಮೋನಿಯಾ ತೇವದೊಡನೆ ಸೇರಿ ಆ ಬಿಗಿತವಿರುವಲ್ಲಿಯೇ ಕಚ್ಚುತ್ತದೆ. ಕಹಳೆಬಾಯಿಯಾದರೋ ಬಡಿದು ಬಗ್ಗಿಸಿಯೇ ಮಾಡಿದ್ದು. ಆದುದರಿಂದ ದನದ ಕೊಟ್ಟಿಗೆಯ ಮೇಲಿನ ಅಟ್ಟ, ಗೊಬ್ಬರ ಕೂಡಿಟ್ಟ ಕೋಣೆ, ಇವು ವಾದ್ಯಕ್ಕೆ ಸಲ್ಲದ ಸ್ಥಳಗಳು. ತಿಕೋಟಾ, ಬಬಲೇಶ್ವರಗಳ ತೋಟದ ಮನೆಗಳಲ್ಲಿ ದ್ರಾಕ್ಷಿಗೆಂದು ಗಂಧಕವೂ ಇರುತ್ತದೆ. ಬೆಳ್ಳಿಯ ಮುಲಾಮಿನ ವಾದ್ಯವಾದರೆ ಅದರ ಸಹವಾಸದಿಂದ ಕಪ್ಪಾಗುವುದು ಖಂಡಿತ. ದೃಷ್ಟಿಯ ಮಾತು ಹಾಗಿರಲಿ.

ಹಳೆಯ ಕಹಳೆಗೂ ಬ್ಯಾಂಡಿನ ವಾದ್ಯಕ್ಕೂ ಇರುವ ಭೇದವನ್ನು ಇಲ್ಲಿ ಹೇಳಬೇಕು. ಕೊಂಬು, ಕಹಳೆಗಳು ಬರಿಯ ಕೊಳವೆಗಳು. 1818 ರಲ್ಲಿ ಪ್ರಷ್ಯಾದಲ್ಲಿ ಸ್ಟೋಲ್ಜೆಲ್ ಮತ್ತು ಬ್ಲ್ಯೂಮೆಲ್ ಎಂಬ ವಾದಕರು ಕವಾಟಕ್ಕೆ ಹಕ್ಕುಪತ್ರ ಪಡೆದ ಮೇಲೆ ತುತ್ತೂರಿಗೆ ಬೆರಳಾಡಿಸುವ ಗುಂಡಿಗಳು ಬಂದುವು, ಎಲ್ಲ ಸ್ವರಗಳೂ ಬಂದುವು. ಬ್ರಿಟಿಷ್ ಪಲ್ಟಣಗಳ ಬೆನ್ನುಹತ್ತಿ ಅವು ಈ ದೇಶಕ್ಕೆ ಬಂದು ಮದುವೆಯ ಮೆರವಣಿಗೆಯನ್ನು ಸೇರಿದುವು. ಮೀರತ್ತಿನ ನಾದಿರ್ ಅಲಿ ಕಂಪನಿ 1885 ರಲ್ಲಿ ಸ್ಥಾಪಿತವಾಯಿತು. ಕಲಾದಗಿಯಿಂದ ಜಿಲ್ಲೆಯ ಮುಖ್ಯ ಕಚೇರಿ ವಿಜಯಪುರಕ್ಕೆ ಬಂದದ್ದೂ ಅದೇ ವರ್ಷ. ಮುಂದೆ ದೇಶದ ಬ್ಯಾಂಡಿನವರಿಗೆ ಮೀರತ್ತೇ ವಾದ್ಯಗಳ ತವರಾಯಿತು.

ಗುಂಡಿಗಳು ಬಂದುದರೊಂದಿಗೆ ಆರೈಕೆಯ ಕೆಲಸವೂ ಬಂತು. ಕವಾಟದ ಪಿಸ್ಟನ್ನಿಗೂ ಅದರ ಗೂಡಿಗೂ ನಡುವೆ ಇರುವ ಎಡೆ ಕೂದಲಿಗಿಂತ ಕಿರಿದು. ಅಲ್ಲಿಯ ಎಣ್ಣೆ ಆರಿದರೆ, ಉಸಿರಿನ ತೇವವೂ ಎಂಜಲೂ ಒಣಗಿ ಸುಣ್ಣಗಟ್ಟಿದರೆ ಗುಂಡಿ ಒತ್ತಿದಲ್ಲೇ ನಿಲ್ಲುತ್ತದೆ. ಇನ್ನು, ಊದುವ ಕಡೆಯ ಕೊಳವೆಯಲ್ಲಿ ತೇವ ನಿಂತರೆ ಹಿತ್ತಾಳೆಯಿಂದ ಸತುವು ಕರಗಿಹೋಗಿ ಬರಿಯ ತಾಮ್ರದ ಜಾಳು ಉಳಿಯುತ್ತದೆ. ಹೊರಮೈಯಲ್ಲಿ ಕೆಂಪು ಚುಕ್ಕೆ ಕಾಣಿಸಿತೆಂದರೆ ಒಳಗಿನಿಂದ ಅದು ತೂತಿನ ಸಮೀಪಕ್ಕೆ ಬಂದಿದೆ ಎಂದೇ ತಿಳಿಯಬೇಕು.

ಆಷಾಢ ಕಾಲಿಟ್ಟಿತೆಂದರೆ ಮುಹೂರ್ತಗಳು ನಿಲ್ಲುತ್ತವೆ. ನಡುವೆ ಗಣಪತಿಯ ಮೆರವಣಿಗೆಯೊಂದನ್ನು ಬಿಟ್ಟರೆ ತುಳಸಿ ಲಗ್ನದವರೆಗೆ ಬ್ಯಾಂಡಿನವರಿಗೆ ಬಹುಮಟ್ಟಿಗೆ ಬಿಡುವು. ನಮ್ಮ ಸೀಮೆಯ ದೊಡ್ಡ ಮಳೆ ಸೆಪ್ಟೆಂಬರಿನಲ್ಲಿ ಬೀಳುವುದೂ ಇದೇ ಅವಧಿಯಲ್ಲಿ. ನಿಮ್ಮ ಮನೆಯಲ್ಲಿ ಕಾರ್ನೆಟ್ಟೋ ಟ್ರಂಪೆಟ್ಟೋ ಇದ್ದರೆ, ಕಟ್ಟಿಡುವ ಮೊದಲು ಅರ್ಧ ದಿನ ಅದಕ್ಕೆ ಮೀಸಲಿಡಿ. ಗುಂಡಿಗಳನ್ನು ಒಂದೊಂದಾಗಿ ತೆಗೆದು ಸಾಲಾಗಿ ಇಡಿ. ಅವುಗಳ ಮೇಲೆ ಅಂಕಿಗಳಿರುತ್ತವೆ, ಒಂದರ ಗೂಡಿಗೆ ಇನ್ನೊಂದು ಸೇರದು. ಜಾರುಕೊಳವೆಗಳನ್ನು ಎಳೆದು ತೆಗೆಯಿರಿ. ಉಗುರುಬೆಚ್ಚನೆಯ ನೀರು, ಸೌಮ್ಯವಾದ ಸಾಬೂನು ಸಾಕು. ಸುಡುನೀರು ಮೆರುಗೆಣ್ಣೆಯನ್ನು ಎಬ್ಬಿಸುತ್ತದೆ. ನಮ್ಮ ಕಡೆಯ ಬಾವಿಗಳ ನೀರು ಬಹುತೇಕ ಸವಳು. ಅದು ಆರಿದಲ್ಲೆಲ್ಲ ಬಿಳಿಯ ಉಪ್ಪು ಕೂಡುತ್ತದೆ. ಆದುದರಿಂದ ಕಡೆಯ ಸಲ ತೊಳೆಯುವುದಕ್ಕೆ ಮಳೆನೀರನ್ನು ಹಿಡಿದಿಡಿ. ಆಷಾಢದಲ್ಲಿ ಒಂದು ಕೊಡವಾದರೂ ಬಾರದೆ ಹೋಗದು, ದೇವರ ದಯೆಯಿದ್ದರೆ.

ಹುಣಸೆಹಣ್ಣಿನ ಪ್ರಶ್ನೆಯೊಂದು ಉಳಿಯಿತು. ದೇವರ ಸಾಮಾನು ತಿಕ್ಕಿದ ಕೈ ವಾದ್ಯವನ್ನು ಕಂಡರೂ ಹುಣಸೆಯನ್ನೇ ಹುಡುಕುತ್ತದೆ. ಗುಡಿಯ ಗಂಟೆಗೆ, ಮೆರುಗಿಲ್ಲದ ಹಳೆಯ ಕಹಳೆಗೆ ಅದು ಸಲ್ಲುತ್ತದೆ, ಚೆನ್ನಾಗಿ ತೊಳೆದು ಒರೆಸುವುದಾದರೆ. ಬ್ಯಾಂಡಿನ ವಾದ್ಯಕ್ಕೆ ಸಲ್ಲದು: ಹುಳಿ ಸಂದಿಯಲ್ಲಿ ನಿಂತು ಅಲ್ಲಿಯೇ ತಿನ್ನುತ್ತದೆ. ಇಟ್ಟಿಗೆಪುಡಿ, ಬೂದಿಗಳಂತೂ ಗುಂಡಿಗಳ ಹತ್ತಿರ ಸುಳಿಯಲೇಬಾರದು.

ನೆರಳಿನಲ್ಲಿ ಒಂದು ಹಗಲು ಒಣಗಲಿ. ಬಳಿಕ ಗುಂಡಿಗಳಿಗೆ ವಾದ್ಯದ ತೆಳುವಾದ ಎಣ್ಣೆ, ಜಾರುಕೊಳವೆಗಳಿಗೆ ವ್ಯಾಸಲೀನು. ಮೌತ್‌ಪೀಸನ್ನು ವಾದ್ಯದಲ್ಲೇ ಬಿಡಬೇಡಿ; ಸಿಕ್ಕಿಬಿದ್ದರೆ ಇಕ್ಕಳ ಹಾಕಲು ಹೋಗಿ ಕೊಳವೆಯನ್ನು ತಿರುಚಿದವರನ್ನು ಎಷ್ಟೋ ಕಂಡಿದ್ದೇನೆ. ಪೆಟ್ಟಿಗೆಯನ್ನು ಬಿಸಿಲಿಗಿಟ್ಟು ಒಣಗಿಸಿ, ಹಳೆಯ ಹತ್ತಿಯ ಬಟ್ಟೆಯಲ್ಲಿ ವಾದ್ಯವನ್ನು ಸುತ್ತಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ತೇವವನ್ನೂ ಜೊತೆಗೇ ಕಟ್ಟಿದಂತೆ. ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ತೆಗೆದು ಮೂರು ಗುಂಡಿಗಳನ್ನೂ ಒತ್ತಿ, ಕೊಳವೆಗಳನ್ನು ಒಂದಿಷ್ಟು ಜಾರಿಸಿ, ಒಣಬಟ್ಟೆಯಿಂದ ಒರೆಸಿ ಇಟ್ಟರೆ ಆಯಿತು.

ಬಿರುಕು ಬಿಟ್ಟ ಆ ಕಾರ್ನೆಟ್ಟಿಗೆ ನಗರದಲ್ಲಿ ಬೆಸುಗೆ ಹಾಕಿಸಿದರು. ದನಿ ಮೊದಲಿನಂತಿಲ್ಲವೆಂದು ಹಿರಿಯರ ಕೊರಗು. ನನಗೇನೂ ಭೇದ ಕೇಳಿಸಲಿಲ್ಲ. ಅದೀಗ ಅಟ್ಟದಿಂದ ಇಳಿದು ಪಡಸಾಲೆಯ ಗೋಡೆಗೂಡಿನಲ್ಲಿದೆ. ಶಾಲೆಯಿಂದ ಬಂದ ಮೊಮ್ಮಗ ದಿನವೂ ಅದರ ಗುಂಡಿಗಳನ್ನು ಒತ್ತಿ ನೋಡುತ್ತಾನೆ. ಹುಣ್ಣಿಮೆಯವರೆಗೆ ಕಾಯುವ ತಾಳ್ಮೆ ಅವನಿಗಿಲ್ಲ, ಅಜ್ಜನೂ ಬೇಡವೆನ್ನುವುದಿಲ್ಲ.