ಅಧಿಕ ಪಿಂಚಣಿ (ಕೇರಳ)

ಭವಿಷ್ಯ ನಿಧಿಯ ಸದಸ್ಯರಾದ ನೌಕರರು ಮಿತಿಗೊಳಪಟ್ಟ ಸಂಬಳದ ಬದಲು ಪೂರ್ಣ ಸಂಬಳದ ಆಧಾರದ ಮೇಲೆ ಪಡೆಯುವ ಮಾಸಿಕ ಪಿಂಚಣಿ. ಇದಕ್ಕಾಗಿ ನಡೆದ ಕಾನೂನು ಹೋರಾಟದ ಮುಖ್ಯ ನೆಲೆ ಕೊಚ್ಚಿ.

1995ರ ನವೆಂಬರ್ 16ರಂದು ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆಗೆ ಮಾಲೀಕರ ವಂತಿಗೆಯಿಂದ ಸಂಬಳದ ಶೇ. 8.33 ಸಲ್ಲುತ್ತದೆ. 2014ರ ಸೆಪ್ಟೆಂಬರ್ 1ರ ತಿದ್ದುಪಡಿ ಸಂಬಳದ ಮಿತಿಯನ್ನು 6,500ರಿಂದ 15,000 ರೂಪಾಯಿಗೆ ಏರಿಸಿತು. ಆದರೆ ಲೆಕ್ಕಕ್ಕೆ ಕೊನೆಯ 12 ತಿಂಗಳ ಬದಲು 60 ತಿಂಗಳ ಸರಾಸರಿಯನ್ನು ತಂದಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡಂತೆ. ಕೊಚ್ಚಿಯ ಕೇರಳ ಹೈಕೋರ್ಟ್ 2018ರ ಅಕ್ಟೋಬರ್ 12ರಂದು ತಿದ್ದುಪಡಿಯನ್ನು ರದ್ದುಪಡಿಸಿತು. 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಬಹುಮಟ್ಟಿಗೆ ಊರ್ಜಿತಗೊಳಿಸಿ, ಅರ್ಹರು ಆಯ್ಕೆ ಸಲ್ಲಿಸಲು ನಾಲ್ಕು ತಿಂಗಳ ಅವಕಾಶ ಕೊಟ್ಟಿತು.

ಸರಾಸರಿ ಸಂಬಳವನ್ನು ಸೇವಾವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ಪಿಂಚಣಿ ಸಿಗುತ್ತದೆ. 14 ವರ್ಷದ ಸೇವೆಗೆ 15,000ದ ಮಿತಿಯಲ್ಲಿ 3,000 ರೂಪಾಯಿ. 40,000ದ ಪೂರ್ಣ ಸಂಬಳದ ಮೇಲಾದರೆ 8,000. ಆದರೆ ವ್ಯತ್ಯಾಸದ ವಂತಿಗೆಯನ್ನು ಬಡ್ಡಿ ಸಮೇತ ಭವಿಷ್ಯ ನಿಧಿಯಿಂದ ಮರಳಿಸಬೇಕು. ಆ ಇಡುಗಂಟು ಮತ್ತೆ ವಾರಸುದಾರರ ಕೈಸೇರುವುದಿಲ್ಲ. ಸಂಗಾತಿಗೆ ಸಾಮಾನ್ಯವಾಗಿ ಅರ್ಧ ಪಿಂಚಣಿ ಮುಂದುವರಿಯುತ್ತದೆ. ಆರೋಗ್ಯ, ಸಾಲ, ಮಕ್ಕಳ ಅಗತ್ಯಗಳನ್ನು ತೂಗಿ ನೋಡದೆ ಇದನ್ನು ಆಯ್ದುಕೊಳ್ಳುವುದು ಜಾಣತನವಲ್ಲ.

ತಿರುವನಂತಪುರದ ಸಚಿವಾಲಯದ ನೌಕರರ ಲೆಕ್ಕ ಬೇರೆ. 2013ರ ಏಪ್ರಿಲ್ 1ರಿಂದ ರಾಜ್ಯ ಸೇವೆಗೆ ಸೇರಿದವರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ ಒಳಪಡುತ್ತಾರೆ. ನೌಕರಿಯ ಪಿಂಚಣಿಯಿಲ್ಲದ ಬಡ ಹಿರಿಯರಿಗೆ, ಕಾಸರಗೋಡಿನ ಕನ್ನಡಿಗರೂ ಸೇರಿ, 60 ತುಂಬಿದ ಮೇಲೆ ರಾಜ್ಯದ ಸಾಮಾಜಿಕ ಭದ್ರತಾ ಪಿಂಚಣಿಯಿದೆ. ಹಲವರಿಗೆ ಸಹಕಾರಿ ಸಂಘದವರೇ ಮನೆಗೆ ತಂದುಕೊಡುತ್ತಾರೆ.