ಹೆಸರಿಗೆ ‘ಹೊಸ’ ವಸತಿಗೃಹ

ಇಂಗ್ಲೆಂಡಿನ ಗ್ಲೌಸ್ಟರ್ ಪಟ್ಟಣದಲ್ಲಿ ‘ನ್ಯೂ ಇನ್’ ಎಂಬ ಮರದ ಕಟ್ಟಡವಿದೆ. ಹೆಸರೇನೋ ಹೊಸದು, ವಯಸ್ಸು ಮಾತ್ರ 550 ದಾಟಿದೆ! 1450ರ ಸುಮಾರಿಗೆ ಇದನ್ನು ಕಟ್ಟಿಸಿದವರು ಸಂತ ಪೇತ್ರರ ಮಠದ ಸನ್ಯಾಸಿ ಜಾನ್ ಟ್ವೈನಿಂಗ್.

ಪಟ್ಟ ಕಳೆದುಕೊಂಡು 1327ರಲ್ಲಿ ಸತ್ತ ದೊರೆ ಎರಡನೇ ಎಡ್ವರ್ಡನ ಸಮಾಧಿ ಆ ಮಠದ ದೇವಾಲಯದಲ್ಲಿತ್ತು. ಧರ್ಮಸಭೆ ಅವನನ್ನು ಸಂತನೆಂದು ಎಂದೂ ಘೋಷಿಸಲಿಲ್ಲ. ಆದರೂ ಜನ ಯಾತ್ರೆ ಬಂದರು. ಬಂದವರು ರಾತ್ರಿ ಎಲ್ಲಿ ಮಲಗಬೇಕು?

ನಡುವೆ ತೆರೆದ ಅಂಗಳ, ಸುತ್ತಲೂ ಕೋಣೆಗಳು. ಭಾರ ಹೊರುವುದು ಓಕ್ ಮರದ ಕಂಬ-ತೊಲೆಗಳು. ಗೋಡೆ ಬರೀ ನಡುವಿನ ಜಾಗ ಮುಚ್ಚಲು. ಇಂಥ ಕಟ್ಟಡದಲ್ಲಿ ತೊಲೆಯ ತುದಿಯನ್ನು ಕೆತ್ತಿ, ಕಂಬದ ತೂತಿಗೆ ಸೇರಿಸಿ, ಮರದ ಗೂಟ ಹೊಡೆದು ಬಿಗಿಯುತ್ತಿದ್ದರು. ಗೋಡೆಗೆ ಹೊರೆಯಿಲ್ಲದ್ದರಿಂದಲೇ ಮಹಡಿಯಲ್ಲಿ ಅಂಗಳದ ಕಡೆಗೆ ಉದ್ದುದ್ದ ಮೊಗಸಾಲೆಗಳನ್ನು ತೆರೆದೇ ಬಿಡಲು ಸಾಧ್ಯವಾಯಿತು. ಅದರಲ್ಲಿ ನಡೆದೇ ಕೋಣೆಯ ಬಾಗಿಲು ಸೇರಬೇಕು. ನಮಗೆ ಬಹಳ ಹಿಡಿಸಿದ್ದು ಇದೇ.

ಇದು ಧರ್ಮಛತ್ರವಲ್ಲ, ಮಠಕ್ಕೆ ವರಮಾನ ತರುವ ಆಸ್ತಿ. ಅದರಲ್ಲಿ ತಪ್ಪೇನೂ ನಮಗೆ ಕಾಣುವುದಿಲ್ಲ. ದಣಿದವರಿಗೆ ಸೂರಂತೂ ಸಿಕ್ಕಿತಲ್ಲ.

1540ರಲ್ಲಿ ಎಂಟನೇ ಹೆನ್ರಿಯ ಆಡಳಿತ ಮಠವನ್ನು ಮುಚ್ಚಿತು. ಮರುವರ್ಷ ಮಠದ ದೇವಾಲಯ ಕ್ಯಾಥೆಡ್ರಲ್ ಆಯಿತು. ದೊರೆಯ ಸಮಾಧಿ ಇಂದಿಗೂ ಅಲ್ಲೇ ಇದೆ. ಯಾತ್ರಿಕರು ಹೋದ ಮೇಲೂ ವಸತಿಗೃಹದ ಅಂಗಳಕ್ಕೆ ವ್ಯಾಪಾರಿಗಳೂ ದಾರಿಹೋಕರೂ ಬರುತ್ತಲೇ ಇದ್ದರು.